ಮನೆಗೆ ಉಯಿಲು, ದಾನಕ್ಕೆ ನಿಮ್ಮದೇ ಕೈ

"ಸಂಪಾದಕರೇ, ನನಗೆ 72 ವರ್ಷ. ಹೈಸ್ಕೂಲ್ ಟೀಚರ್ ಆಗಿ ನಿವೃತ್ತಳಾದೆ. ಯಜಮಾನರು ಹನ್ನೊಂದು ವರ್ಷದ ಹಿಂದೆ ತೀರಿಕೊಂಡರು. ಅವರು ಉಯಿಲು ಬರೆದಿರಲಿಲ್ಲ. ಅವರು ಕಟ್ಟಿಸಿದ ಮನೆಯ ಖಾತೆ ಈಗ ನನ್ನ ಹೆಸರಿಗೆ ಆಗಿದೆ. ಮಗ ಅಮೆರಿಕದಲ್ಲಿ, ಮಗಳು ಮೈಸೂರಿನಲ್ಲಿ. ಬ್ಯಾಂಕಿನಲ್ಲಿ ಎಲ್ಲದಕ್ಕೂ ಮಗನನ್ನೇ ನಾಮಿನಿ ಮಾಡಿದ್ದೇನೆ. ಇಷ್ಟಿದ್ದ ಮೇಲೆ ಉಯಿಲು ಬೇಕಾ? ಬರೆಯೋಕೆ ಕೂತರೆ ಮಕ್ಕಳು ಏನಂದುಕೊಳ್ತಾರೋ ಅಂತ ಸಂಕೋಚ. ಇನ್ನೊಂದು ಆಸೆ ಇದೆ. ನಾನು ಓದಿದ ಶಾಲೆ ಮಾಗಡಿ ಕಡೆಯ ಹಳ್ಳಿಯಲ್ಲಿದೆ. ನನ್ನ ನಂತರ ಅದಕ್ಕೆ 5 ಲಕ್ಷ ರೂಪಾಯಿ ಹೋಗಬೇಕು. ಅದನ್ನು ಹೇಗೆ ಬರೆಯಬೇಕು?"
– ಓದುಗರೊಬ್ಬರು, ರಾಜಾಜಿನಗರ

ಟೀಚರ್, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಖಾತೆಯ ವಿಷಯ. ಬೆಂಗಳೂರಿನಲ್ಲಿ ಖಾತೆ ಆಯ್ತು ಅಂದರೆ ಮನೆ ನಮ್ಮದಾಯ್ತು ಅಂತ ಎಷ್ಟೋ ಜನ ನಂಬಿದ್ದಾರೆ. ಖಾತೆ ಇರುವುದು ತೆರಿಗೆ ಕಟ್ಟುವವರು ಯಾರು ಅಂತ ಹೇಳೋಕೆ. ಅದು ಹಕ್ಕುಪತ್ರ ಅಲ್ಲ. ನಿಮ್ಮ ಯಜಮಾನರ ಸ್ವಯಾರ್ಜಿತ ಮನೆ, ಉಯಿಲು ಇಲ್ಲ. ಹೀಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅದು ಹೆಂಡತಿ, ಮಗ, ಮಗಳಿಗೆ ಸಮವಾಗಿ ಬರುತ್ತದೆ. ಆಗ ನಿಮ್ಮ ಅತ್ತೆ ಬದುಕಿದ್ದರೆ ಅವರಿಗೂ ಒಂದು ಪಾಲು. ಅತ್ತೆ ಇರಲಿಲ್ಲ ಅಂದುಕೊಂಡರೂ ನಿಮಗೆ ಸೇರಿದ್ದು ಮೂರನೇ ಒಂದು ಭಾಗ ಮಾತ್ರ. ನೀವು ಉಯಿಲು ಬರೆಯಬಹುದಾದದ್ದೂ ಅಷ್ಟಕ್ಕೇ. ಪೂರ್ತಿ ಮನೆ ನಿಮ್ಮ ಕೈಗೆ ಬರಬೇಕಾದರೆ ಮಕ್ಕಳಿಬ್ಬರೂ ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ಮಾಡಿ ರಿಜಿಸ್ಟರ್ ಮಾಡಿಸಬೇಕು. ಇಲ್ಲವೇ ಮೂವರೂ ಕೂತು ವಿಭಾಗ ಪತ್ರ ಮಾಡಿಕೊಳ್ಳಬೇಕು.

ಇನ್ನು ನಾಮಿನಿ. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಈಸಿಕೊಳ್ಳುವವರು, ಅಷ್ಟೇ. ಆ ದುಡ್ಡು ಯಾರದ್ದು ಅನ್ನೋದನ್ನು ಉಯಿಲು ಹೇಳಬೇಕು, ಉಯಿಲು ಇಲ್ಲದಿದ್ದರೆ ಕಾಯ್ದೆ ಹೇಳುತ್ತದೆ. ಷೇರಿನ ವಿಷಯದಲ್ಲೂ ಇದೇ ಮಾತನ್ನು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿದೆ. ಅಂದರೆ ನಾಳೆ ನಿಮ್ಮ ಮಗ ಬ್ಯಾಂಕಿಗೆ ಹೋಗಿ ದುಡ್ಡು ತಂದರೂ ಅದರಲ್ಲಿ ಅರ್ಧ ಅವನ ತಂಗಿಯದ್ದೇ. ಅಣ್ಣ ಒಳ್ಳೆಯವನಾದರೆ ಕೊಡುತ್ತಾನೆ. ಕೊಡದಿದ್ದರೆ? ನಿಮ್ಮನ್ನು ಸ್ವಲ್ಪ ಗದರಬೇಕು ಅನಿಸುತ್ತಿದೆ ಟೀಚರ್, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲದಕ್ಕೂ ಮಗನನ್ನೇ ಯಾಕೆ ಬರೆದಿರಿ? ಮೈಸೂರಿನಿಂದ ಮೂರು ಗಂಟೆಯಲ್ಲಿ ಬಂದು ನಿಲ್ಲುವವಳು ಮಗಳು. 2025ರ ನವೆಂಬರಿನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಹಾಕಬಹುದು, ಯಾರಿಗೆ ಎಷ್ಟು ಪಾಲು ಅಂತಲೂ ಬರೆಯಬಹುದು. ನಾಳೆಯೇ ಹೋಗಿ ಆ ಫಾರಂ ತುಂಬಿ ಬನ್ನಿ.

ಹೆಣ್ಣುಮಕ್ಕಳ ವಿಷಯ ಬಂದರೆ ನನಗೆ ಸುಮ್ಮನಿರೋಕೆ ಆಗುವುದಿಲ್ಲ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೇ ಕಾಯ್ದೆ ಬಂತು, ಮದುವೆಯಾದವರಿಗೂ ಸೇರಿಸಿ. ಆದರೂ ಇವತ್ತಿಗೂ ಹಬ್ಬಕ್ಕೆ ಕರೆದು, ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು, ಊಟ ಆದಮೇಲೆ "ಇಲ್ಲೊಂದು ಸೈನ್ ಹಾಕಮ್ಮ" ಅನ್ನುತ್ತಾರೆ. ಅವಳು ಓದದೆ ಹಾಕುತ್ತಾಳೆ. ತವರಿಗೆ ಬಂದು ಹೋಗುವ ದಾರಿ ಮುಚ್ಚಬಾರದು ಅಂತ ಹಾಕುತ್ತಾಳೆ. ನಿಮ್ಮ ಮನೆಯಲ್ಲಿ ಖುಲಾಸೆ ಪತ್ರ ಆಗುವುದಾದರೆ ಮಗಳಿಗೆ ಮೊದಲು ಪೂರ್ತಿ ಓದಿ ಹೇಳಿ.

ಉಯಿಲು ಬರೆಯುವುದು ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಯಿರಿ. ಇಬ್ಬರು ಸಾಕ್ಷಿಗಳ ಎದುರು ನೀವು ಸಹಿ ಹಾಕಬೇಕು, ಅವರು ನಿಮ್ಮ ಎದುರು ಹಾಕಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ, ನಿಮಗಿಂತ ಚಿಕ್ಕವರನ್ನು ಮಾಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು ಅಂತ ಇಲ್ಲ, ಆದರೆ ಮಾಡಿಸಿ. ಆಮೇಲೆ ತಕರಾರು ಬಂದಾಗ ಅನುಕೂಲ. ಪ್ರೊಬೇಟ್, ಅಂದರೆ ಉಯಿಲು ಸರಿಯಿದೆ ಅಂತ ಕೋರ್ಟಿನಿಂದ ಮುದ್ರೆ ಹಾಕಿಸುವುದು, ಕಡ್ಡಾಯ ಅನ್ನೋ ಕಾಟ ಬೆಂಗಳೂರಿಗೆ ಇಲ್ಲ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದ್ದೇ ನಡೆಯುವುದು. ಒಂದೇ ಮಾತು: ಮೂಲ ಪ್ರತಿಯನ್ನು ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿ ಇಡಬೇಡಿ. ಲಾಕರ್ ತೆಗೆಯೋಕೆ ಕಾಗದ ಬೇಕು, ಆ ಕಾಗದ ಲಾಕರಿನ ಒಳಗೇ ಇರುತ್ತದೆ! (ಮುಸ್ಲಿಂ ಓದುಗರಿಗೆ ಲೆಕ್ಕ ಬೇರೆ. ವಾರಸುದಾರರು ಒಪ್ಪದೆ ಉಯಿಲಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಡುವಂತಿಲ್ಲ.)

ಈಗ ನಿಮ್ಮ ಶಾಲೆಗೆ ಬರುತ್ತೇನೆ. ನಿಮ್ಮ ಪತ್ರ ಕೈಗೆತ್ತಿಕೊಂಡಿದ್ದೇ ಇದಕ್ಕೆ.

"ನನ್ನ ನಂತರ" ಅಂತ ಬರೆದಿದ್ದೀರಿ. ಆ ಎರಡು ಪದ ನನಗೆ ಮುಳ್ಳಿನ ಹಾಗೆ ಚುಚ್ಚಿದವು. ಇರುವುದೆಲ್ಲ ವಾಸದ ಮನೆಯಲ್ಲೇ ಸಿಕ್ಕಿಕೊಂಡಿದ್ದರೆ, ನಾಳೆ ಆಸ್ಪತ್ರೆ ಖರ್ಚಿಗೆ ಏನು ಮಾಡಲಿ ಅನ್ನೋ ಭಯ ಇದ್ದರೆ, ಉಯಿಲಿನಲ್ಲಿ ದಾನ ಬರೆಯುವುದು ಸರಿಯೇ. ನಿಮಗೆ ಪಿಂಚಣಿ ಇದೆಯಲ್ಲ ಟೀಚರ್. ಹಾಗಿದ್ದ ಮೇಲೆ ಯಾಕೆ ಕಾಯಬೇಕು?

ನನ್ನ ಸೋದರತ್ತೆ ಚಾಮರಾಜಪೇಟೆಯಲ್ಲಿದ್ದರು. ಮಕ್ಕಳಿರಲಿಲ್ಲ. ಅವರು ಹೋದ ಮೇಲೆ ಮಂಚದ ಕೆಳಗಿನ ಟ್ರಂಕು ತೆಗೆದೆವು. ಸೀರೆಗಳ ಕೆಳಗೆ ನುಸಿಗುಳಿಗೆ, ಪಾಸ್‌ಬುಕ್ಕು, ಅದರೊಳಗೆ ನಾಲ್ಕಾಗಿ ಮಡಿಸಿದ ಹಳೇ ಕ್ಯಾಲೆಂಡರಿನ ಹಾಳೆ. ಅದರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: "ಶಾಲೆಗೆ 50 ಸಾವಿರ. ಕೆಲಸದ ಕಮಲನ ಮಗಳ ಓದಿಗೆ ಎರಡು ಬಳೆ." ಯಾವ ಶಾಲೆ ಅಂತ ಇಲ್ಲ. ಸಹಿ ಇಲ್ಲ, ತಾರೀಕು ಇಲ್ಲ, ಸಾಕ್ಷಿ ಇಲ್ಲ. ಹಿರಿಯರೊಬ್ಬರು ಓದಿ, ಮಡಿಸಿ, ಪಾಸ್‌ಬುಕ್ಕಿನೊಳಗೆ ವಾಪಸ್ ಇಟ್ಟರು. ನಾನೂ ಅಲ್ಲೇ ಕೂತಿದ್ದೆ. ಒಂದು ಮಾತೂ ಆಡಲಿಲ್ಲ. ಬಳೆ ಇನ್ನೊಂದು ಮನೆಯ ಮದುವೆಗೆ ಹೋದವು. ವೈಕುಂಠ ಸಮಾರಾಧನೆಯ ದಿನ ಕಮಲ ಬಂದು, ಸೆರಗು ಸಿಕ್ಕಿಸಿಕೊಂಡು, ನಮ್ಮೆಲ್ಲರ ಪಾತ್ರೆ ತೊಳೆದು ಹೋದಳು. ಆ ಚೀಟಿಯ ವಿಷಯ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆ ತಮ್ಮ ಕೈಯಾರೆ ಆ ಬಳೆ ಬಿಚ್ಚಿ ಕೊಟ್ಟಿದ್ದರೆ ಯಾರು ತಡೆಯುತ್ತಿದ್ದರು?

ಗುಬ್ಬಿ ತೋಟದಪ್ಪನವರನ್ನು ನೋಡಿ. ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ ಹತ್ತಿರ ಅವರ ಛತ್ರ ಇದೆಯಲ್ಲ, ಅದು ಶುರುವಾದದ್ದು 1903ರಲ್ಲಿ. ಅವರು ತೀರಿಕೊಂಡದ್ದು 1910ರಲ್ಲಿ. ಏಳು ವರ್ಷ ತಮ್ಮ ಛತ್ರದಲ್ಲಿ ಜನ ಇಳಿದುಕೊಳ್ಳುವುದನ್ನು ಕಣ್ಣಾರೆ ನೋಡಿದರು. ಟ್ರಸ್ಟಿಗೆ ಕೆ.ಪಿ. ಪುಟ್ಟಣ್ಣಚೆಟ್ಟರನ್ನು ಅಧ್ಯಕ್ಷರಾಗಿ ಕೂರಿಸಿದರು. ಬದುಕಿದ್ದಾಗಲೇ ಎಲ್ಲ ಸರಿ ಮಾಡಿಟ್ಟರು. ಜೆಮ್‌ಷೆಟ್‌ಜಿ ಟಾಟಾ ಅವರಿಗೆ ಆ ಭಾಗ್ಯ ಇರಲಿಲ್ಲ. ವಿಜ್ಞಾನ ಸಂಸ್ಥೆಗೆ ಅಂತ ತಮ್ಮ ಆಸ್ತಿಯನ್ನು ತೆಗೆದಿಟ್ಟಿದ್ದರು. 1904ರಲ್ಲೇ ಹೋಗಿಬಿಟ್ಟರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟು, ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಮಕ್ಕಳು ಅಪ್ಪನ ಮಾತು ನಡೆಸಿಕೊಟ್ಟರು, ನಮ್ಮ ಊರಿನ ಪುಣ್ಯ. ಎಲ್ಲರ ಮನೆಯಲ್ಲೂ ಹಾಗೆ ಆಗುತ್ತಾ?

ಕೊಟ್ಟು ಮರೆತರೂ ಕಷ್ಟವೇ. ಕನ್ನಡದ ಸಂಘಗಳಲ್ಲಿ, ಕಾಲೇಜುಗಳಲ್ಲಿ ದತ್ತಿನಿಧಿ ಅಂತ ಇರುತ್ತದೆ. ಯಾರೋ ತಂದೆ ತಾಯಿಯ ಹೆಸರಲ್ಲಿ ಎಂದೋ 10 ಸಾವಿರ ಇಟ್ಟಿರುತ್ತಾರೆ. ಶೇಕಡಾ 6ರ ಬಡ್ಡಿ ಅಂದರೆ ವರ್ಷಕ್ಕೆ 600 ರೂಪಾಯಿ. ಅಷ್ಟರಲ್ಲಿ ಒಂದು ಉಪನ್ಯಾಸ ಮಾಡಿಸಿ, ಭಾಷಣಕಾರರಿಗೆ ಶಾಲು ಹೊದಿಸಿ, ಬಂದವರಿಗೆ ಕಾಫಿ ಕೊಡಬೇಕು. ಆಗಿನ 10 ಸಾವಿರ ದೊಡ್ಡ ದುಡ್ಡು, ಹೊಟ್ಟೆ ಕಟ್ಟಿ ಉಳಿಸಿದ್ದು. ಇಟ್ಟವರು ಇಲ್ಲ, ಹೆಚ್ಚಿಸುವವರಿಲ್ಲ, ಕೇಳುವವರೂ ಇಲ್ಲ. ಇನ್ನು ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿ ಸೇರುತ್ತದೆ. ಆಮೇಲೂ ವಾರಸುದಾರರು ಕೇಳಿ ಪಡೆಯಬಹುದು, ಆದರೆ ಠೇವಣಿ ಇರುವುದೇ ಗೊತ್ತಿಲ್ಲದವರು ಕೇಳುವುದು ಹೇಗೆ? ನಮ್ಮ ಜನಕ್ಕೆ ಕೊಡುವ ಮನಸ್ಸಿಲ್ಲ ಅಂತ ನಾನು ಒಪ್ಪುವುದಿಲ್ಲ. ಹುಂಡಿಗೆ ಹಾಕುವ ಕೈ ನಮ್ಮಲ್ಲಿ ಎಷ್ಟು ಧಾರಾಳ! ಅದೇ ಬೀದಿಯ ಸರ್ಕಾರಿ ಶಾಲೆಯ ಗೇಟು ತಳ್ಳಿ ಒಳಗೆ ಹೋಗಿ, "ಮೇಷ್ಟ್ರೇ, ಏನು ಬೇಕು?" ಅಂತ ಕೇಳುವ ಅಭ್ಯಾಸ ನಮಗೆ ತಪ್ಪಿಹೋಗಿದೆ.

ಆದ್ದರಿಂದ 5 ಲಕ್ಷವನ್ನು ಒಟ್ಟಿಗೆ ಕೊಡಬೇಡಿ, ಉಯಿಲಿಗೂ ಬಿಡಬೇಡಿ. ಈ ವರ್ಷ 50 ಸಾವಿರ ಕೊಡಿ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಯವರನ್ನು, ಹೆಡ್‌ಮೇಷ್ಟ್ರನ್ನು ಭೇಟಿ ಮಾಡಿ. ಚೆಕ್‌ನಲ್ಲಿ ಕೊಟ್ಟು ರಸೀದಿ ತಗೊಳ್ಳಿ. ಏನು ಕೊಂಡರು, ಹೇಗೆ ಬಳಸಿದರು ಅಂತ ಮುಂದಿನ ವರ್ಷ ಹೋಗಿ ನೋಡಿ, ಸರಿ ಅನಿಸಿದರೆ ಮತ್ತೆ ಕೊಡಿ. ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಇರುವ ಟ್ರಸ್ಟಿಗೆ ಕೊಡುವುದಾದರೆ ತೆರಿಗೆ ವಿನಾಯಿತಿ ಇದೆ, ಆದರೆ ಅದು ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಆ ವಿನಾಯಿತಿ ಬೇಕಾದರೆ ನಗದಾಗಿ ಕೊಡುವುದು 2,000 ರೂಪಾಯಿ ಮೀರುವಂತಿಲ್ಲ. ಉಯಿಲಿನಲ್ಲಿ ಶಾಲೆಗೆ ಒಂದು ಸಾಲು ಇರಲಿ ಅನಿಸಿದರೆ ಇರಲಿ. ಶಾಲೆಯ ಪೂರ್ತಿ ಹೆಸರು, ಹಳ್ಳಿ, ಹೋಬಳಿ, ತಾಲ್ಲೂಕು ಬರೆಯಿರಿ. ಆ ಶಾಲೆ ಮುಚ್ಚಿದ್ದರೆ ದುಡ್ಡು ಎಲ್ಲಿಗೆ ಹೋಗಬೇಕು ಅಂತಲೂ ಬರೆಯಿರಿ.

ಒಂದು ಎಚ್ಚರಿಕೆ. ಮನೆಯ ನಿಮ್ಮ ಪಾಲನ್ನು ಮಾತ್ರ ಈಗಲೇ ಯಾರಿಗೂ ದಾನಪತ್ರ ಮಾಡಬೇಡಿ, ಮಕ್ಕಳಿಗೂ ಬೇಡ. ದಾನಪತ್ರ ಒಮ್ಮೆ ನೋಂದಣಿ ಆದರೆ ಸುಲಭಕ್ಕೆ ವಾಪಸ್ ಬರುವುದಿಲ್ಲ. ನೋಡಿಕೊಳ್ಳಬೇಕು ಅಂತ ಷರತ್ತು ಹಾಕಿ ಕೊಟ್ಟು, ಅವರು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ರದ್ದು ಮಾಡಿಸಬಹುದು. ಆದರೆ ಆ ವಯಸ್ಸಲ್ಲಿ ಉಪವಿಭಾಗಾಧಿಕಾರಿ ಕಚೇರಿಯ ಮೆಟ್ಟಿಲು ಯಾಕೆ ಹತ್ತಬೇಕು? ನಿಮ್ಮ ತಲೆಯ ಮೇಲಿನ ಸೂರು ಕೊನೆ ತನಕ ನಿಮ್ಮದೇ ಆಗಿರಲಿ.

ಮಕ್ಕಳ ಸಂಕೋಚ ಅಂದಿರಿ. ಮಗ ರಜಕ್ಕೆ ಬಂದಾಗ ಮಗಳನ್ನೂ ಕರೆಸಿ. ಊಟ ಆದಮೇಲೆ ಪಾಸ್‌ಬುಕ್ಕು, ಮನೆ ಪತ್ರ ಎಲ್ಲ ಚಾಪೆಯ ಮೇಲೆ ಹರಡಿ ಕೂರಿಸಿ. ಮೂವತ್ತು ವರ್ಷ ತರಗತಿ ನಡೆಸಿದವರಿಗೆ ಇಬ್ಬರಿಗೆ ಪಾಠ ಹೇಳುವುದು ಕಷ್ಟವೇ? ಅದಕ್ಕೂ ಮೊದಲು, ಜೂನ್‌ನಲ್ಲಿ ಶಾಲೆ ತೆರೆದ ವಾರ, ಬೆಳಗಿನ ಮಾಗಡಿ ಬಸ್ಸು ಹತ್ತಿ ನಿಮ್ಮ ಹಳ್ಳಿಗೆ ಹೋಗಿಬನ್ನಿ. ಸೂರು ಸೋರುತ್ತಿದೆಯಾ, ಕುಡಿಯೋ ನೀರು ಇದೆಯಾ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಇದೆಯಾ ನೋಡಿ, ನನಗೊಂದು ಕಾಗದ ಬರೆಯಿರಿ.