ಕ್ಲಿಂಗ್ ರ‍್ಯಾಪ್ ಸಮೇತ ಬಿಸಿ ಮಾಡ್ಬೋದಾ?

ಪನೀರ್ ಗ್ರೇವಿ ಬಟ್ಟಲಿಗೆ ತೆಳ್ಳಗಿನ ಅಂಟೋ ಪ್ಲಾಸ್ಟಿಕ್ ಹಾಳೆ, ಅಂದ್ರೆ ಕ್ಲಿಂಗ್ ರ‍್ಯಾಪ್ ಸುತ್ತಿ ಫ್ರಿಡ್ಜಲ್ಲಿಟ್ಟು ಹಾಗೇ ಮೈಕ್ರೋವೇವ್ ಮಾಡ್ತೀವಿ, ಪರ್ವಾಗಿಲ್ವಾ ಅಂತ ಕೇಳಿದೀರಲ್ಲ, ಫ್ರಿಡ್ಜಲ್ಲಿಡೋಕೆ ತೊಂದ್ರೆ ಇಲ್ಲ, ರ‍್ಯಾಪ್ ಗ್ರೇವಿಗೆ ತಾಗದಿದ್ರೆ ಸಾಕು, ಆದ್ರೆ ಬಿಸಿ ಮಾಡೋವಾಗ ತೆಗೆದ್ಬಿಡಿ. ಮೊದ್ಲು ರ‍್ಯಾಪ್ ಬಂದ ಡಬ್ಬದ ಮೇಲೆ ಏನ್ ಬರೆದಿದೆ ನೋಡಿ. ಪಿವಿಸಿ ಅಂತಿದ್ರೆ, ಅದು ತಾನಾಗೇ ಗಟ್ಟಿ ಮಾಲು, ನೀರಿನ ಪೈಪ್ ಮಾಡೋದೂ ಅದ್ರಲ್ಲೇ ಅಲ್ವಾ, ಅದನ್ನ ಹಿಂಗೆ ಬಳುಕೋ ಹಾಗೆ ಮಾಡೋಕೆ ಡಿಇಎಚ್‌ಎ ತರದ ಪ್ಲಾಸ್ಟಿಸೈಜರ್ ಅನ್ನೋ ರಾಸಾಯನಿಕ ಬೆರೆಸ್ತಾರೆ, ಅದು ಪ್ಲಾಸ್ಟಿಕ್ಕಲ್ಲಿ ಭದ್ರವಾಗಿ ಕೂತಿರಲ್ಲ, ಎಣ್ಣೆ ಜಿಡ್ಡು ತಾಗಿದ್ರೆ ಊಟಕ್ಕೆ ಇಳಿಯುತ್ತೆ, ಬಿಸಿ ಆದ್ರೆ ಇನ್ನೂ ಜಾಸ್ತಿ. ಪಾಲಿಥೀನ್ ರ‍್ಯಾಪಿಗೆ ಇದು ಬೇಕಾಗಲ್ಲ, ಆದ್ರೆ ದರಿದ್ರದ್ದು ಅಷ್ಟು ಚೆನ್ನಾಗಿ ಅಂಟೋದೂ ಇಲ್ಲ!

ಇಡ್ಲಿ ಬೇಯಿಸೋಕೆ ಬಟ್ಟೆ ಬದ್ಲು ಪ್ಲಾಸ್ಟಿಕ್ ಹಾಳೆ ಹಾಸ್ತಿದ್ದಿದ್ದನ್ನ 2025ರ ಫೆಬ್ರವರೀಲಿ ನಮ್ ರಾಜ್ಯದ ಆರೋಗ್ಯ ಇಲಾಖೆ ನಿಷೇಧ ಮಾಡ್ತಲ್ಲ, ಅಲ್ಲೂ ಬಿಸಿ ತಾಗೋದೇ ತಕರಾರು.

ನಾನೂ ಒಂದ್ಸಲ ಕುರ್ಮಾನ ರ‍್ಯಾಪ್ ಸಮೇತ ಒಳಗಿಟ್ಟಿದ್ದೆ, ಅದು ಮುದುಡಿ ಬಟ್ಟಲಿನ ಅಂಚಿಗೆ ಮೆತ್ಕೊಂಡು, ಉಗುರಲ್ಲಿ ಕೆರೆದು ಕೆರೆದು ಸಾಕಾಯ್ತು. ಈಗ ಮೇಲೊಂದು ಪಿಂಗಾಣಿ ತಟ್ಟೆ ಮುಚ್ತೀನಿ ಅಷ್ಟೇ.