ದೇವರ ಮೇಲೆ ಪ್ರೀತಿ ಅಂದ ಮೇಲೆ ಅಪ್ಪಣೆ ಯಾಕೆ?

‘ದೇವರು ಪ್ರೀತಿಯೇ ಅಂತೀರಿ, ಮತ್ತೆ ಆತನ ಆಜ್ಞೆ ಪಾಲಿಸಲೇಬೇಕು ಅಂತಲೂ ಹೇಳ್ತೀರಿ. ಮನಸ್ಸಿಲ್ಲದೆ ಪಾಲಿಸಿದರೆ ಅದು ಬೂಟಾಟಿಕೆ ಅಲ್ವಾ?’ ಎಂದು ಕೇಳಿದ್ದೀರಿ. ನಾನು ಪಾದ್ರಿಯಲ್ಲ. ಧಾರವಾಡ ಕಡೆಯ ಕ್ರೈಸ್ತ ಮನೆಯವನು, ಬೆಳೆದದ್ದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ.

ಈ ಗೊಂದಲ ಹುಟ್ಟುವುದು ಬೈಬಲಿನಲ್ಲಿ ಯೇಸುವಿನ ಕತೆ ಹೇಳುವ ಯೋಹಾನನ ಸುವಾರ್ತೆ 14:15ರಿಂದ. ನನ್ನ ಮೇಲೆ ಪ್ರೀತಿಯಿದ್ದರೆ ನನ್ನ ಆಜ್ಞೆಗಳನ್ನು ಪಾಲಿಸುವಿರಿ ಎಂದು ಯೇಸು ಶಿಷ್ಯರಿಗೆ ಹೇಳುತ್ತಾನೆ. ಆ ಒಂದು ಸಾಲನ್ನೇ ಕಿತ್ತು ಓದಿದರೆ ಗಂಡ ಹೆಂಡಿರ ಜಗಳದ ಮಾತಿನ ಹಾಗಿದೆ, ಒಪ್ಪುತ್ತೇನೆ. ಆದರೆ ಒಂದು ಅಧ್ಯಾಯ ಹಿಂದಕ್ಕೆ ಹೋಗಿ. ಅದೇ ರಾತ್ರಿ ಊಟದ ನಡುವೆ ಎದ್ದು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಆತನು ಅವರ ಕಾಲು ತೊಳೆದಿದ್ದಾನೆ. ಕೊಟ್ಟ ಹೊಸ ಆಜ್ಞೆಯಾದರೂ ಏನು? ನಾನು ನಿಮ್ಮನ್ನು ಪ್ರೀತಿಸಿದ ಹಾಗೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಿ ಎಂಬುದು. ದೇವರು ಇಸ್ರಾಯೇಲರಿಗೆ ಕೊಟ್ಟ ಹತ್ತು ಆಜ್ಞೆಗಳೂ ಹಾಗೇ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ನಿಮ್ಮನ್ನು ಬಿಡಿಸಿ ತಂದವನು ನಾನು ಅಂತಲೇ ಶುರುವಾಗುತ್ತವೆ. ಬಿಡಿಸಿದ್ದು ಮೊದಲು, ಆಜ್ಞೆ ಆಮೇಲೆ.

ಚರ್ಚಿನಲ್ಲಿ ಇದಕ್ಕೆ ‘ವಿಧೇಯತೆ’ ಅನ್ನುತ್ತಾರೆ. ನನಗೆ ಆ ಪದ ಕೇಳಿದರೆ ರಜೆ ಅರ್ಜಿಯ ಕೊನೆಯ ‘ಇಂತಿ ತಮ್ಮ ವಿಧೇಯ’ ನೆನಪಾಗುತ್ತದೆ! ಮನೆಯಲ್ಲಿ ನಾವು ಹೇಳುವುದು ‘ಮಾತು ಕೇಳುತ್ತಾನೆ’ ಅಂತ. ಹೀಬ್ರೂ ಭಾಷೆಯ ‘ಶಮಾ’ ಪದವೂ ಹೀಗೇ. ಕಿವಿಯಿಂದ ಕೇಳುವುದಕ್ಕೂ ಅದೇ, ಹೇಳಿದಂತೆ ನಡೆಯುವುದಕ್ಕೂ ಅದೇ. ಬೈಬಲಿನ ಧರ್ಮೋಪದೇಶಕಾಂಡ 6ರಲ್ಲಿ ‘ಇಸ್ರಾಯೇಲರೇ, ಕೇಳಿರಿ’ ಎಂದ ಮೇಲೆ, ಮುಂದಿನ ವಚನದಲ್ಲೇ ಪೂರ್ಣ ಮನಸ್ಸಿನಿಂದ ದೇವರನ್ನು ಪ್ರೀತಿಸಿ ಎಂದಿದೆ.

ಕಾಲೇಜಿಗೆ ಲೋಕಲ್ ರೈಲಿನಲ್ಲಿ ಹೋಗುವಾಗ ಬಾಗಿಲಲ್ಲಿ ಜೋತುಬೀಳಬೇಡ ಅಂತ ಅವ್ವ ದಿನಾ ಹೇಳುತ್ತಿದ್ದಳು. ‘ಹೂಂ ಅವ್ವಾ’ ಅಂದು ದಿನಾ ಜೋತುಬೀಳುತ್ತಿದ್ದೆ. (ಬೆಳಗಿನ ಡೊಂಬಿವಲಿ ಫಾಸ್ಟ್ ಹತ್ತಿದವರಿಗೆ ಗೊತ್ತು, ಒಳಗೆ ಜಾಗ ಎಲ್ಲಿರುತ್ತದೆ!) ಮತ್ತಾಯ 21ರ ಕತೆಯಲ್ಲಿ ದ್ರಾಕ್ಷಿತೋಟಕ್ಕೆ ‘ಹೋಗ್ತೀನಪ್ಪಾ’ ಅಂದು ಹೋಗದೇ ಇದ್ದ ಮಗ ಒಬ್ಬನಿದ್ದಾನಲ್ಲ, ಸಾಕ್ಷಾತ್ ನಾನೇ. ಒಂದು ಮಳೆಗಾಲ ಗಾಡಿಗಳು ನಿಂತು, ಮನೆಗೆ ಬರುವಾಗ ರಾತ್ರಿ ಹನ್ನೊಂದೂವರೆ. ಅವ್ವ ಸ್ಟೇಷನ್ನಿನ ಸೇತುವೆ ಮೆಟ್ಟಿಲ ಮೇಲೆ ನಿಂತಿದ್ದಳು. ಸೀರೆಯ ಅಂಚು ಮೊಣಕಾಲ ತನಕ ಒದ್ದೆ. ಬೈಯಲಿಲ್ಲ. ‘ನಡಿ, ಸಾರು ಆರಿ ಹೋಗೇತಿ’ ಅಂದಳು ಅಷ್ಟೇ. ಮರುದಿನದಿಂದ ಎರಡು ಗಾಡಿ ಬಿಟ್ಟು ಮೂರನೆಯದು ಹತ್ತತೊಡಗಿದೆ. ಎರಡು ವರ್ಷ ಕಿವಿಗೆ ಬೀಳುತ್ತಿದ್ದ ಮಾತು ಅವತ್ತು ಕೇಳಿಸಿತ್ತು.

ಹಾಗಂತ ಮಾತು ಕೇಳುವವರೆಲ್ಲ ಪ್ರೀತಿಸುವವರೂ ಅಲ್ಲ. ಲೂಕ 15ರಲ್ಲಿ ಯೇಸು ಹೇಳುವ ಕತೆಯ, ಮನೆ ಬಿಟ್ಟು ಹೋಗಿ ಮರಳಿ ಬಂದ ಕಿರಿಮಗ ಎಲ್ಲರಿಗೂ ಗೊತ್ತು. ಹಿರಿಮಗನನ್ನು ನೋಡಿ. ಇಷ್ಟು ವರ್ಷ ಗುಲಾಮನ ಹಾಗೆ ದುಡಿದೆ, ಒಂದು ಸಲವೂ ನಿನ್ನ ಮಾತು ಮೀರಲಿಲ್ಲ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂತ ಅಪ್ಪನಿಗೇ ಲೆಕ್ಕ ಒಪ್ಪಿಸುತ್ತಾನೆ. ತಮ್ಮ ಮರಳಿದ್ದಕ್ಕೆ ಒಳಗೆ ಹಬ್ಬದೂಟ, ಇವನು ಹೊರಗೆ. ಚರ್ಚಿನಲ್ಲಿ ನಮ್ಮಂಥವರಿಗೆ ಅಂಟುವ ರೋಗ ಇದೇ ಜಾಸ್ತಿ.

ಇನ್ನು ಬೂಟಾಟಿಕೆಯ ಮಾತು. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು, ಆಗುವುದಾದರೆ ಈ ಪಾತ್ರೆ (ಅಂದರೆ ಬರಲಿರುವ ಸಂಕಟ) ನನ್ನಿಂದ ದೂರವಾಗಲಿ ಎಂದು ಬೇಡಿಕೊಂಡ. ಇಷ್ಟವಿಲ್ಲ ಅನ್ನುವುದನ್ನು ಮುಚ್ಚಿಡಲಿಲ್ಲ. ಹೇಳಿಕೊಂಡು, ಅತ್ತು, ಆಮೇಲೆ ‘ನಿನ್ನ ಚಿತ್ತದಂತೆ’ ಅಂದ. ತಂದೆ ಎಂಥವನು ಅಂತ ಗೊತ್ತಿದ್ದವನು ಮಾತ್ರ ಹಾಗೆ ಹೇಳಬಲ್ಲ. ಇಷ್ಟವಿಲ್ಲದಿದ್ದರೂ ಇದೆ ಅಂತ ನಟಿಸಿದ್ದರೆ ನೀವು ಹೇಳಿದ್ದು ಸರಿಯಾಗುತ್ತಿತ್ತು.

ಅಂದಹಾಗೆ, ಯಾರಾದರೂ ಹಿರಿಯರೋ ಪಾಸ್ಟರೋ ಆ ಯೋಹಾನ 14:15ರ ವಚನ ತೋರಿಸಿ ನಿಮ್ಮ ಬಾಯಿ ಮುಚ್ಚಿಸಿದ್ದರೆ ಅದು ಬೇರೆಯೇ ವಿಷಯ. ಮನುಷ್ಯರಿಗಿಂತ ದೇವರ ಮಾತು ಕೇಳಬೇಕು ಎಂದು ಯೇಸುವಿನ ಶಿಷ್ಯ ಪೇತ್ರ ಹೇಳಿದ್ದು ಯೆಹೂದ್ಯರ ಧರ್ಮಾಧಿಕಾರಿಯಾದ ಮಹಾಯಾಜಕನ ಎದುರಿಗೇ ನಿಂತು.