ಸಿಕ್ಕಿಬೀಳದವರು ಯಾವ ಬಣ್ಣ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಚಿತ್ರ ಹಾಕಿದ್ದಾನೆ. ‘ಅಮೆರಿಕದಲ್ಲಿ ಕಪ್ಪು ಜನ ನೂರಕ್ಕೆ 13, ಕೊಲೆ ಮಾಡುವವರಲ್ಲಿ ಅರ್ಧ ಅವರೇ’ ಅಂತ. ಅಂಕಿ ಎಫ್‌ಬಿಐದಂತೆ. ಹುಡುಗ ಸುಳ್ಳು ಹೇಳುವವನಲ್ಲ. ಆದರೂ ನನಗೆ ಕಸಿವಿಸಿ. ಏನು ಉತ್ತರ ಕೊಡಲಿ?

ಉತ್ತರ: ಅಂಕಿ ಅವನು ಕಟ್ಟಿದ್ದಲ್ಲ. 2019ರ ಎಫ್‌ಬಿಐ ಪಟ್ಟಿಯಲ್ಲಿ ಕೊಲೆ ಆರೋಪದ ಮೇಲೆ ಬಂಧಿತರಾದವರಲ್ಲಿ ಶೇ. 51ರಷ್ಟು ಮಂದಿ ಕಪ್ಪು ಜನ. ಇದನ್ನು ಅಲ್ಲಗಳೆಯಲು ಹೋಗಬೇಡಿ, ಮೊದಲ ಮಾತಿಗೇ ಸೋಲುತ್ತೀರಿ. ಆದರೆ ಪಟ್ಟಿಯ ತಲೆಬರಹ ನೋಡಿ. ಅದು ಬಂಧನಗಳ ಪಟ್ಟಿ. ಆ ವರ್ಷ ಪೊಲೀಸರು ಭೇದಿಸಿದ್ದು ನೂರರಲ್ಲಿ ಸುಮಾರು 61 ಕೊಲೆಗಳನ್ನು. ಉಳಿದವನ್ನು ಮಾಡಿದವರು ಯಾವ ಪಟ್ಟಿಯಲ್ಲೂ ಇಲ್ಲ.

ನಾನು ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದಾಗ ಇದೇ ತಪ್ಪು ಮಾಡಿದ್ದೆ. ಬಂಧನದ ಅಂಕಿಗಳನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸಿ, ಮೇಲೆ ‘ಅಪರಾಧಿಗಳು’ ಅಂತ ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: “ಮೇಡಂ, ಸಿಕ್ಕಿಬೀಳದವರಿಗೆ ಯಾವ ಬಣ್ಣ ಹಾಕಿದ್ದೀರಿ?” ತಲೆಬರಹ ಅಳಿಸಿದೆ. ಇನ್ನೇನು ಮಾಡೋದು!

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ‘ಬಂಧಿತರಲ್ಲಿ ಅರ್ಧ ಕಪ್ಪು ಜನ’ ಅಂತ ಓದಿದವರು, ತಮಗೇ ಗೊತ್ತಿಲ್ಲದೆ ಅದನ್ನು ತಿರುವಿಹಾಕಿ, ಕಪ್ಪು ಜನರೆಲ್ಲ ಅಪಾಯಕಾರಿ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಲೆಕ್ಕ ಹಾಕಿ. ಆ ಪಟ್ಟಿಯಲ್ಲಿ ಕೊಲೆ ಆರೋಪದಲ್ಲಿ ಬಂಧಿತರಾದ ಕಪ್ಪು ಜನ ಸುಮಾರು 4 ಸಾವಿರ; ಲೆಕ್ಕ ಕೊಡದ ಪೊಲೀಸ್ ಇಲಾಖೆಗಳದ್ದನ್ನು ಅಂದಾಜಿಸಿ ಸೇರಿಸಿದರೂ 6 ಸಾವಿರ ದಾಟಲ್ಲ. ಅಲ್ಲಿ ಅವರ ಒಟ್ಟು ಸಂಖ್ಯೆ 4 ಕೋಟಿಗೂ ಜಾಸ್ತಿ. ಹತ್ತು ಸಾವಿರಕ್ಕೆ ಇಬ್ಬರೂ ಆಗಲ್ಲ! ನಿಮ್ಮ ಹುಡುಗನ ಪಕ್ಕದ ಮನೆಯವರ ಬಗ್ಗೆ ಆ ಚಿತ್ರ ಹೇಳುವುದು ಇಷ್ಟೇ.

ಅದೇ ವರ್ಷ ಕೊಲೆಯಾದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನರೇ. ಈ ಸಾಲು ಮಾತ್ರ ಚಿತ್ರದಲ್ಲಿ ಯಾಕಿಲ್ಲ, ಕೇಳಿ ನೋಡಿ.

ಕೊಲೆಯ ಲೆಕ್ಕ ಆದರೂ ಸ್ವಲ್ಪ ಗಟ್ಟಿ, ಹೆಣ ಸುಮ್ನೆ ಮಾಯವಾಗಲ್ಲ. ಗಾಂಜಾದ ಕಥೆ ಬೇರೆ. ಅಮೆರಿಕದಲ್ಲಿ ಬಿಳಿಯರೂ ಕಪ್ಪು ಜನರೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಗಾಂಜಾ ಸೇದುತ್ತಾರೆ. ಆದರೂ ಕಪ್ಪು ಜನ ಬಂಧನವಾಗುವ ಸಾಧ್ಯತೆ 3.7 ಪಟ್ಟು ಹೆಚ್ಚು ಎಂದು ಅಲ್ಲಿನ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು 2013ರಲ್ಲಿ ತೋರಿಸಿತು. ನ್ಯೂಯಾರ್ಕ್ ಪೊಲೀಸರು 2011ರಲ್ಲಿ ಜನರನ್ನು ಬೀದಿಯಲ್ಲಿ ತಡೆದು ನಿಲ್ಲಿಸಿದ್ದು 6.85 ಲಕ್ಷ ಸಲ. ಅದರಲ್ಲಿ ಅರ್ಧಕ್ಕೂ ಹೆಚ್ಚು ಸಲ ನಿಂತವರು ಕಪ್ಪು ಜನ. ಹತ್ತರಲ್ಲಿ ಸುಮಾರು ಒಂಬತ್ತು ಸಲ ಬಂಧನವೂ ಇಲ್ಲ, ಸಮನ್ಸೂ ಇಲ್ಲ. ಯಾರ ಜೇಬು ಜಾಸ್ತಿ ತಡಕುತ್ತೀರೋ ಅವರ ಜೇಬಲ್ಲೇ ಜಾಸ್ತಿ ಸಿಗುತ್ತದೆ, ಅಲ್ವಾ?

ಪ್ರಶ್ನೆ: (ಅದೇ ಪತ್ರದ ಕೊನೆಯಲ್ಲಿ) ಹಾಗಾದರೆ ಪೊಲೀಸರ ಅಂಕಿ ನಂಬಲೇಬಾರದಾ?

ಉತ್ತರ: ನಂಬಿ, ಆದರೆ ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಂಡು. ಅಮೆರಿಕ ಸರ್ಕಾರವೇ 1970ರ ದಶಕದಿಂದ ಮನೆಗಳನ್ನು ಆರಿಸಿ, ‘ನಿಮ್ಮ ಮೇಲೆ ಯಾರಾದರೂ ಹಲ್ಲೆ ಮಾಡಿದರಾ, ಕದ್ದರಾ’ ಅಂತ ನೇರವಾಗಿ ಕೇಳುತ್ತದೆ. ದೂರು ಕೊಡದವರೂ ಅಲ್ಲಿ ಬಾಯಿ ಬಿಡುತ್ತಾರೆ. (ಸತ್ತವರನ್ನು ಕೇಳಲಾಗದು, ಹಾಗಾಗಿ ಕೊಲೆ ಅದರಲ್ಲಿಲ್ಲ.) ಎರಡೂ ಲೆಕ್ಕ ಒಂದೇ ಮಾತು ಹೇಳಿದರೆ ಧೈರ್ಯವಾಗಿ ಹಿಡಿದುಕೊಳ್ಳಿ.

ಅಂದಹಾಗೆ, ಹುಡುಗ 2021ರ ಎಫ್‌ಬಿಐ ಅಂಕಿ ಕಳಿಸಿದರೆ ಸ್ವಲ್ಪ ಜೋಪಾನ. ಆ ವರ್ಷ ಲೆಕ್ಕ ಕೊಡುವ ವಿಧಾನ ಬದಲಾಯಿತು. ನ್ಯೂಯಾರ್ಕ್, ಲಾಸ್ ಏಂಜಲೀಸ್ ಪೊಲೀಸರ ಲೆಕ್ಕ ಅದರೊಳಗೆ ಬರಲೇ ಇಲ್ಲ.